ಸುರೆ, ಕಳ್, ಹೆಂಡ: ಒಂದು ಶಬ್ದಾರ್ಥವಿಮರ್ಶೆ

ನಮ್ಮ ಪ್ರಾಚೀನ ಕಾವ್ಯಗಳಿಗೆ ಅಚ್ಚಾಗಿರುವ ಟಿಪ್ಪಣಿಗಳಲ್ಲಿಯೂ, ವಿದ್ಯಾರ್ಥಿಗಳ ಉಪಯೋಗಕ್ಕೆಂದು ಸಿದ್ಧಪಡಿಸಿದ ಶಬ್ದಾರ್ಥಪಟ್ಟಿಗಳಲ್ಲಿಯೂ 'ಸುರೆ' ಎಂಬ ಶಬ್ದದ ಮುಂದೆ ಸಾಮಾನ್ಯವಾಗಿ ಕಾಣುವ ಅರ್ಥವು 'ಕಳ್ಳು, ಹೆಂಡ, ಮದ್ಯ' ಎಂಬುದು. 'ಕಳ್' ಎಂಬುದರ ಮುಂದೆ 'ಸುರೆ, ಹೆಂಡ' ಎಂದಿರುವುದು. 'ಹೆಂಡ'ಕ್ಕೆ ಅರ್ಥ ಹೇಳುವ ಪ್ರಸಂಗ ಬಂದರೆ 'ಕಳ್ಳು, ಸುರೆ' ಎನ್ನುವರು. ಹೀಗೆ ಮೂರು ಶಬ್ದಗಳೂ ಒಂದರ ಕೈಯನ್ನೊಂದು ಹಿಡಿದು ವರ್ತುಲವಾಗಿ ತಿರುಗುತ್ತಿರುವುದರಿಂದ, ಓದುವವನಿಗೆ ಇವು ಅಮಲಿನ ಪದಾರ್ಥಗಳೆಂಬಷ್ಟು ಮಾತ್ರ ತಿಳಿಯುವುದೇ ಹೊರತು, ಯಾವುದನ್ನು ಯಾವ ದ್ರವ್ಯದಿಂದ, ಯಾರು, ಎಲ್ಲಿ, ಹೇಗೆ ಮಾಡುತ್ತಿದ್ದರೆಂಬುದು ತಿಳಿಯುವುದಿಲ್ಲ. ನಾನೂ ಇಪ್ಪತ್ತೈದು ವರ್ಷಗಳಿಗೆ ಮೇಲ್ಪಟ್ಟು ಹೀಗೆಯೇ ಪಾಠ ಹೇಳಿದವನು. ಆದಕಾರಣ ಈ ಲೇಖನದಲ್ಲಿ ಬರುವ ಆಕ್ಷೇಪಣೆಯು ಮೊದಲು ನನಗೇ ಸಲ್ಲತಕ್ಕದ್ದು.

ಸಂದೇಹವನ್ನು ಹುಟ್ಟಿಸಿದವನು ರೂಪನಗುಡಿಯ ಒಬ್ಬ ಶಿಷ್ಯನು. ಮಿತಾಕ್ಷರೆಯ ಪ್ರಾಯಶ್ಚಿತ್ತಾಧ್ಯಾಯದ ಪಾಠವು ನಡೆಯುತ್ತಿದ್ದಿತು. ಅಲ್ಲಿ ವಿಜ್ಞಾನೇಶ್ವರನು ಪುಲಸ್ತ್ಯನ ವಚನವನ್ನು ಉದಾಹರಿಸಿ ಹನ್ನೊಂದು ಬಗೆಯ ಮದ್ಯಗಳನ್ನು ಎಣಿಸಿರುವನು. ಹಲಸಿನದು, ದ್ರಾಕ್ಷೆಯದು, ಇಪ್ಪೆಯ ಹೂವಿನದು, ಖರ್ಜೂರಜಾತಿಯ ಮರದ್ದು, ತಾಳೆಯದು, ಕಬ್ಬಿನದು, ತೆಂಗಿನದು ಎಂದು ಮೊದಲಾಗಿ ಹನ್ನೊಂದನ್ನು ಹೇಳಿ, ಇವೆಲ್ಲ ಸಮಾನವೆಂದೂ, ಹನ್ನೆರಡನೆಯದಾದ ಸುರೆಯು ಇವೆಲ್ಲಕ್ಕಿಂತ ಅಧಮವೆಂದೂ ಆ ವಚನದ ತಾತ್ಪರ್ಯ. ಶಿಷ್ಯನು, "ಗುರುಗಳೆ, ನಮ್ಮ ಕಡೆ ಈಚಲ ಮರದಿಂದ ಇಳಿಸುವುದು ಹೆಂಡ. ಈಚಲು ಖರ್ಜೂರದ ಜಾತಿಯೇ ಅಲ್ಲವೆ? ಹೆಂಡವೇ ಸುರೆಯೆಂದು ನೀವು ಹಿಂದಿನ ವಾರ ಬರೆಸಿದಿರಿ. ಹಾಗಾದರೆ ಅದು ಹನ್ನೊಂದರಲ್ಲಿಯೂ ಬಂದು ಹನ್ನೆರಡನೆಯದೂ ಹೇಗಾಗುವುದು?" ಎಂದನು. ನನಗೆ ಆ ದಿನ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿರುವುದನ್ನು ವಿದ್ವಾಂಸರ ಮುಂದಿಡುತ್ತೇನೆ.

ಮೊದಲು ಶಬ್ದಶಾಸ್ತ್ರವನ್ನು ನೋಡೋಣ. ಅಷ್ಟಾಧ್ಯಾಯಿಯ ಎರಡನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ, ಸೇನಾ, ಸುರಾ, ಛಾಯಾ, ಶಾಲಾ, ನಿಶಾ ಎಂಬ ಶಬ್ದಗಳು ಕೊನೆಯಲ್ಲಿರುವ ತತ್ಪುರುಷಕ್ಕೆ ವಿಕಲ್ಪದಿಂದ ನಪುಂಸಕಲಿಂಗವು ವಿಧಿಸಲ್ಪಟ್ಟಿದೆ. ಸುರಾಶಬ್ದಕ್ಕೆ ಕಾಶಿಕಾವೃತ್ತಿಯು ಕೊಡುವ ಉದಾಹರಣೆ 'ಯವಸುರಂ, ಯವಸುರಾ'. ಕೌಮುದಿಯನ್ನು ಓದಿದ ಪ್ರತಿಯೊಬ್ಬನೂ ಇದನ್ನು ಬಾಯಿಪಾಠ ಮಾಡಿರುವನು. ಯವದಿಂದ, ಎಂದರೆ ಜವೆಗೋದಿಯಿಂದ, ಪಾನವು ಹೇಗಾಗುವುದೆಂದು ಕೇಳಿದವರು ವಿರಳ. ಎಂಟನೆಯ ಅಧ್ಯಾಯದಲ್ಲಿ ಪಾನಶಬ್ದದ ನಕಾರಕ್ಕೆ ದೇಶವು ಗಮ್ಯವಾಗುವಲ್ಲಿ ಣಕಾರವನ್ನು ವಿಧಿಸುವ ಸೂತ್ರವಿದೆ. ಅದಕ್ಕೆ ಉದಾಹರಣೆಗಳು: ಉಶೀನರರು ಕ್ಷೀರಪಾಣರು, ಬಾಹ್ಲೀಕರು ಸೌವೀರಪಾಣರು, ಗಂಧಾರರು ಕಷಾಯಪಾಣರು, ಪ್ರಾಚ್ಯರು ಸುರಾಪಾಣರು. ಹಾಲು, ಯವದ ಹುಳಿಗಂಜಿ, ಕಷಾಯ ಇವುಗಳ ಸಾಲಿನಲ್ಲಿ ಸುರೆಯನ್ನಿಟ್ಟಿರುವುದನ್ನು ಗಮನಿಸಬೇಕು. ಇಲ್ಲಿ ವ್ಯಸನದ ಪ್ರಸ್ತಾಪವೇ ಇಲ್ಲ. ಒಂದೊಂದು ಸೀಮೆಯ ಜನರ ನಿತ್ಯದ ಪಾನವು ಯಾವುದೋ ಅದರಿಂದ ಅವರನ್ನು ಗುರುತಿಸಿರುವುದು ಮಾತ್ರ. ಜೋಳದ ಅಂಬಲಿಯವರು, ರಾಗಿ ಅಂಬಲಿಯವರು ಎಂದು ನಾವು ಸೀಮೆಗಳನ್ನು ಗುರುತಿಸುವಂತೆಯೇ ಇದು.

ಅಮರಸಿಂಹನ ಮೇಲೆ ದೋಷವನ್ನು ಹೊರಿಸುವವರುಂಟು. ಶೂದ್ರವರ್ಗದಲ್ಲಿ ಅವನು ಸುರಾ, ಹಲಿಪ್ರಿಯಾ, ಹಾಲಾ, ಪರಿಸ್ರುತ್, ಪ್ರಸನ್ನಾ, ಕಾದಂಬರೀ, ಮದಿರಾ ಮುಂತಾದವನ್ನು ಒಂದೇ ಉಸಿರಿನಲ್ಲಿ ಹೇಳಿರುವುದು ನಿಜ. ಆದರೆ ಅಲ್ಲಿಗೆ ನಿಲ್ಲಿಸಿದವರು ನಾವು, ಅವನಲ್ಲ. ಮುಂದೆ ಮೈರೇಯ, ಆಸವ, ಸೀಧುಗಳನ್ನು ಬೇರೆಯಾಗಿಯೂ, ಮೇದಕ ಜಗಲಗಳನ್ನು ಬೇರೆಯಾಗಿಯೂ ಹೇಳಿ, ಕಿಣ್ವ ಮತ್ತು ನಗ್ನಹೂ ಎಂಬ ಹುದುಗಿನ ಹೆಸರುಗಳನ್ನೂ, ಕಾರೋತ್ತರ ಎಂಬ ಮೇಲುತಿಳಿಯ ಹೆಸರನ್ನೂ ಕೊಟ್ಟಿರುವನು. ಗಡಿಗೆಯನ್ನು ಬಗ್ಗಿ ನೋಡದವನಿಗೆ ಈ ಹೆಸರುಗಳು ದೊರೆಯಲಾರವು. (ನಡುವೆ ಒಂದು ಮಾತು. ಕಾದಂಬರೀ ಎಂಬುದು ಸುರೆಯ ಹೆಸರು. ಬಾಣನು ಅದನ್ನು ನಾಯಿಕೆಗೆ ಇಟ್ಟನು. ನಾವು ಆ ನಾಯಿಕೆಯ ಹೆಸರನ್ನು ಗದ್ಯಕಥೆಯ ಪ್ರಕಾರಕ್ಕೇ ಇಟ್ಟೆವು. ಇಂದು ಕಾದಂಬರಿಯನ್ನು ಬರೆದು ಪುರಸ್ಕೃತರಾಗುವ ಮಹನೀಯರಲ್ಲಿ ಎಷ್ಟು ಮಂದಿಗೆ ಇದರ ವಾಸನೆ ತಿಳಿದಿದೆಯೋ!)

ಇನ್ನು ಧರ್ಮಶಾಸ್ತ್ರ. ಮನುವು ಹನ್ನೊಂದನೆಯ ಅಧ್ಯಾಯದಲ್ಲಿ ಸುರೆಯನ್ನು ನಿಷೇಧಿಸುತ್ತ, ಅದು ಅನ್ನದ ಮಲವಾದುದರಿಂದ ದ್ವಿಜರಿಗೆ ಅಪೇಯವೆಂದು ಕಾರಣವನ್ನು ಕೊಡುವನು. ಮರದಿಂದ ಇಳಿಸಿದ ರಸವು ಅನ್ನದ ಮಲವಾಗುವುದು ಹೇಗೆ? ಧಾನ್ಯದಿಂದ ಆದುದು ಮಾತ್ರವೇ ಅನ್ನದ ಮಲವಾಗಬಲ್ಲುದು. ಅದೇ ಪ್ರಕರಣದಲ್ಲಿ ಗೌಡೀ, ಪೈಷ್ಟೀ, ಮಾಧ್ವೀ ಎಂದು ಸುರೆಯನ್ನು ಮೂರು ವಿಧವಾಗಿ ಹೇಳಿರುವುದರಿಂದ ಬೆಲ್ಲದ್ದೂ ಇಪ್ಪೆಯದೂ ಸುರೆಯೇ ಆಗುವುದಲ್ಲ ಎಂದು ಪೂರ್ವಪಕ್ಷವು ಏಳುವುದು. ಇದಕ್ಕೆ ಸಮಾಧಾನವನ್ನು ಹೇಳಿದವನು ನಮ್ಮ ನಾಡಿನ ವಿಜ್ಞಾನೇಶ್ವರನೇ. ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲದಲ್ಲಿ (1076-1126) ಕಲ್ಯಾಣದಲ್ಲಿದ್ದುಕೊಂಡು ಮಿತಾಕ್ಷರೆಯನ್ನು ರಚಿಸಿದ ಈ ಮಹಾನುಭಾವನು, ಸುರಾಶಬ್ದವು ಪೈಷ್ಟಿಯಲ್ಲಿ, ಎಂದರೆ ಹಿಟ್ಟಿನಿಂದಾದ ಪಾನದಲ್ಲಿ ಮುಖ್ಯವೆಂದೂ, ಉಳಿದೆರಡರಲ್ಲಿ ಗೌಣವೆಂದೂ ನಿರ್ಣಯಿಸಿದನು. ಇದು ಕೇವಲ ಶಬ್ದವಿಲಾಸವಲ್ಲ. ಬ್ರಾಹ್ಮಣನಿಗೆ ಎಲ್ಲ ಮದ್ಯವೂ ವರ್ಜ್ಯ. ಕ್ಷತ್ರಿಯವೈಶ್ಯರಿಗೆ ವರ್ಜ್ಯವಾದುದು ಪೈಷ್ಟಿಯು ಮಾತ್ರ. ಒಬ್ಬನು ಮಹಾಪಾತಕಿಯೋ ಅಲ್ಲವೋ ಎಂಬುದು, ಅವನ ಬಟ್ಟಲಲ್ಲಿದ್ದುದು ಧಾನ್ಯದಿಂದ ಬಂದಿತೋ ಮರದಿಂದ ಬಂದಿತೋ ಎಂಬುದರ ಮೇಲೆ ನಿಂತಿತ್ತು. ಇಷ್ಟು ಭಾರವನ್ನು ಹೊತ್ತ ಶಬ್ದಕ್ಕೆ 'ಕಳ್ಳು, ಹೆಂಡ' ಎಂದು ಟಿಪ್ಪಣಿ ಬರೆದು ಮುಂದೆ ಸಾಗುವುದು ಅನ್ಯಾಯ.

ಧಾನ್ಯದಿಂದ ಪಾನವು ಆಗುವ ಕ್ರಮವು ಸೌತ್ರಾಮಣೀಯಾಗದಲ್ಲಿ ಸ್ಪಷ್ಟವಾಗಿದೆ. ಅತಿಯಾದ ಸೋಮಪಾನದಿಂದ ಕುಗ್ಗಿದ ಇಂದ್ರನನ್ನು ಅಶ್ವಿನೀದೇವತೆಗಳೂ ಸರಸ್ವತಿಯೂ ಗುಣಪಡಿಸಿದ ಕಥೆಗೆ ಸಂಬಂಧಿಸಿದ ಈ ಯಾಗದ ಮಂತ್ರಗಳು ವಾಜಸನೇಯಿಸಂಹಿತೆಯ ಹತ್ತೊಂಬತ್ತನೆಯ ಅಧ್ಯಾಯದಿಂದ ಮೊದಲಾಗುತ್ತವೆ. ಶತಪಥಬ್ರಾಹ್ಮಣದ ಹನ್ನೆರಡನೆಯ ಕಾಂಡದಲ್ಲಿ ವಿವರಣೆಯಿದೆ. ಬೇಕಾದ ದ್ರವ್ಯಗಳು ಶಷ್ಪ, ತೋಕ್ಮ, ಲಾಜ, ನಗ್ನಹು. ಮೊಳಕೆ ಬಂದ ಬತ್ತವು ಶಷ್ಪ, ಮೊಳಕೆ ಬಂದ ಯವವು ತೋಕ್ಮ, ಅರಳು ಲಾಜ, ತೊಗಟೆ, ಶುಂಠಿ, ತ್ರಿಫಲೆ ಮೊದಲಾದವುಗಳ ಕೂಟವು ನಗ್ನಹು. ಅಕ್ಕಿ ಮತ್ತು ಸಾಮೆಗಳನ್ನು ಬೇಯಿಸಿ, ಅದರ ಗಂಜಿಯಲ್ಲಿ ಈ ಚೂರ್ಣಗಳನ್ನು ಬೆರಸಿದರೆ ಮಾಸರವೆನಿಸುವುದು. ಎಲ್ಲವನ್ನೂ ಕೂಡಿಸಿ ಗಡಿಗೆಯಲ್ಲಿ ಮೂರು ರಾತ್ರಿ ಇಡುವರು. ಬಳಿಕ ಬಾಲದ ಕೂದಲಿನ ಶೋಧಕದಿಂದ ಸೋಸುವರು. ಎಲ್ಲಿಯೂ ಬಟ್ಟಿಯಿಲ್ಲ, ನಳಿಕೆಯಿಲ್ಲ. ಪರಿಸ್ರುತ್ ಎಂಬ ಶಬ್ದವನ್ನು ಕಂಡು ಇದು ಬಟ್ಟಿಯಿಳಿಸಿದ್ದೆಂದು ಬರೆದಿರುವ ಭಾಷಾಂತರಕಾರರು 'ಸ್ರು' ಧಾತುವಿಗೆ ಒಸರುವುದೆಂಬ ಅರ್ಥವಿರುವುದನ್ನು ಮರೆತಿರುವರು. ಸೋಸಿದ್ದೂ ಒಸರುವುದೇ.

ವರ್ಷಾನುವರ್ಷ ಈ ಮಂತ್ರಗಳಿಗೆ ಅರ್ಥವನ್ನು ಹೇಳಿದರೂ, ಮೊಳಕೆಯ ಕಾಳು ಏಕೆ ಬೇಕೆಂಬುದು ನನಗೆ ತಿಳಿದಿರಲಿಲ್ಲ. ಅದನ್ನು ತಿಳಿಸಿದ್ದು ನಾರ್ವೆ ದೇಶದ ರೈತರ ಮನೆಯ ಪಾನದ ವೃತ್ತಾಂತ. ಆ ದೇಶದ ಜನಪದವಿದ್ವಾಂಸರಾದ ಓಡ್ ನೂರ್‌ಲಾಂಡ್ ಎಂಬವರು 1969ರಲ್ಲಿಯೂ, ಲಾರ್ಸ್ ಮಾರಿಯುಸ್ ಗಾರ್ಶೋಲ್ ಎಂಬವರು 2020ರಲ್ಲಿಯೂ ಈ ವಿಷಯವಾಗಿ ವಿಸ್ತಾರವಾದ ಗ್ರಂಥಗಳನ್ನು ಪ್ರಕಟಿಸಿರುವರು. ನಾರ್ವೆಯ ಪಶ್ಚಿಮಭಾಗದ ವೊಸ್ ಮೊದಲಾದ ಸೀಮೆಗಳಲ್ಲಿ ರೈತರು ಇಂದಿಗೂ ಮನೆಯಲ್ಲಿ ಈ ಪಾನವನ್ನು ತಯಾರಿಸುವುದುಂಟು. ಜವೆಗೋದಿಯನ್ನು ನೆನೆಹಾಕಿ, ಹರಡಿ, ಮೊಳಕೆ ಬರಿಸಿ, ಮೊಳಕೆಯು ಅತಿಯಾಗುವುದಕ್ಕೆ ಮುನ್ನ ಕಾಯಿಸಿ ಒಣಗಿಸುವುದು ಮೊದಲ ಕೆಲಸ. ಸ್ಟ್ಯೋರ್ಡಾಲ್ ಎಂಬಲ್ಲಿ ಇದನ್ನು ಆಲ್ಡರ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸುವುದರಿಂದ ಪಾನಕ್ಕೂ ಹೊಗೆಯ ವಾಸನೆ ಹತ್ತುವುದಂತೆ. ಒಣಗಿದ ಮೊಳಕೆಗಾಳನ್ನು ಒಡೆದು ಬಿಸಿನೀರಿನಲ್ಲಿ ಕಲಸಿಟ್ಟರೆ ಕೆಲವು ಗಳಿಗೆಯಲ್ಲಿ ಆ ನೀರು ಸಿಹಿಯಾಗುವುದು. ಮೊಳೆಯುವ ಕಾಳಿನೊಳಗೆ ಹುಟ್ಟುವ ಒಂದು ಸತ್ತ್ವವು ಹಿಟ್ಟನ್ನು ಸಕ್ಕರೆಯಾಗಿ ಮಾರ್ಪಡಿಸುವುದೇ ಇದಕ್ಕೆ ಕಾರಣ. ಹಿಟ್ಟು ಹಿಟ್ಟಾಗಿಯೇ ಇದ್ದರೆ ಹುದುಗು ಅದನ್ನು ಮುಟ್ಟಲಾರದು. ಶಷ್ಪ ತೋಕ್ಮಗಳ ರಹಸ್ಯವು ಇಷ್ಟೆ. ಈ ಸತ್ತ್ವಕ್ಕೆ ಇಂದಿನ ಕನ್ನಡ ವಿಜ್ಞಾನಪುಸ್ತಕಗಳು ಇಟ್ಟಿರುವ ಹೆಸರು 'ಕಿಣ್ವ'! ಎನ್‌ಜೈಮ್ ಎಂಬ ಶಬ್ದಕ್ಕೆ ಅದನ್ನು ಆರಿಸಿದವರು ಯಾರೇ ಆಗಲಿ, ಅಮರಕೋಶವನ್ನು ಚೆನ್ನಾಗಿ ಓದಿದವರು. ಮೂಲದ ಕಿಣ್ವವು ಹುದುಗಿನ ಮುದ್ದೆಯಾದುದರಿಂದ ಅರ್ಥವು ಸ್ವಲ್ಪ ಜರುಗಿದೆಯೆಂಬುದು ಬೇರೆ ಮಾತು. ಗ್ರೀಕ್ ಶಬ್ದಕ್ಕೂ 'ಹುದುಗಿನೊಳಗಿನದು' ಎಂಬುದೇ ಮೂಲಾರ್ಥ. ಹೀಗೆ ಹೈಸ್ಕೂಲಿನ ಹುಡುಗನು ವಿಜ್ಞಾನದ ತರಗತಿಯಲ್ಲಿ ಕಿಣ್ವವನ್ನು ಕಲಿತು, ಮುಂದಿನ ಗಂಟೆಗೆ ಕನ್ನಡ ತರಗತಿಯಲ್ಲಿ 'ಸುರೆ ಎಂದರೆ ಹೆಂಡ' ಎಂದು ಬರೆದುಕೊಳ್ಳುವನು.

ಸಿಹಿನೀರಿಗೆ ಜುನಿಪರ್ ಎಂಬ ಸೂಜಿಯೆಲೆಯ ಗಿಡದ ಕೊಂಬೆಗಳ ಸಾರವನ್ನು ಕೂಡಿಸುವರು. ನಮ್ಮ ವೈದ್ಯಗ್ರಂಥಗಳ ಹಪುಷೆಯು ಇದೇ ಜಾತಿಯದು. ಅನಂತರ ಹುದುಗನ್ನು ಹಾಕುವರು. ಆ ಹುದುಗಿಗೆ ಅವರ ಗ್ರಾಮ್ಯಭಾಷೆಯಲ್ಲಿ 'ಕ್ವೈಕ್' ಎಂದು ಹೆಸರು. ಹಿಂದಿನ ಸಲದ ಪಾನದಿಂದ ತೆಗೆದು, ಹುಲ್ಲಿನ ಬಳೆಗೋ, ಸಂದುಸಂದಾಗಿ ಕೆತ್ತಿದ ಮರದ ತುಂಡಿಗೋ, ಬಟ್ಟೆಗೋ ಬಳಿದು ಒಣಗಿಸಿ ತೂಗಹಾಕಿದ್ದರೆ, ಮುಂದಿನ ಸಲಕ್ಕೆ ಅದೇ ಬೀಜ. ಒಬ್ಬರದು ಕೆಟ್ಟರೆ ನೆರೆಯವರಿಂದ ತರುವರು. ಹಾಕುವ ಹದವು ಹಾಲು ಕರೆದಾಗಿನ ಬಿಸುಪು, ಎಂದರೆ 30ರಿಂದ 40 ಡಿಗ್ರಿಯ ಶಾಖ. ಸಾಮಾನ್ಯ ಬಿಯರಿನ ಹುದುಗುಗಳಿಗೆ ಇಷ್ಟು ಬಿಸಿ ಒಗ್ಗದು. ಹುದುಗನ್ನು ಹಾಕುವಾಗ, ಪಾನವು ಬಲವಾಗಲೆಂದು ಗಟ್ಟಿಯಾಗಿ ಕೂಗುವ ಪದ್ಧತಿಯೂ ಕೆಲವೆಡೆ ಇದ್ದಿತು. 2018ರಲ್ಲಿ ಪ್ರಕಟವಾದ ಜೀವಶಾಸ್ತ್ರದ ಪ್ರಬಂಧವೊಂದು ಈ ಹುದುಗುಗಳು ಮನುಷ್ಯನು ಸಾಕಿಕೊಂಡು ಬಂದ ಪ್ರತ್ಯೇಕವಾದ ಒಂದು ಕುಲವೆಂದು ತೋರಿಸಿದೆ.

'ಕ್ವೈಕ್' ಶಬ್ದದಲ್ಲಿ ನಮಗೆ ವಿಶೇಷವಾದ ಆಸಕ್ತಿ ಇರಬೇಕು. ಪ್ರಾಚೀನ ನಾರ್ಸ್ ಭಾಷೆಯಲ್ಲಿ ಬದುಕಿರುವುದು, ಚೇತನವುಳ್ಳದ್ದು ಎಂಬ ಅರ್ಥದ 'ಕ್ವಿಕ್ರ್' ಎಂಬ ಶಬ್ದದ ಬಳಗದ್ದು ಅದು. ಭಾಷಾಶಾಸ್ತ್ರಜ್ಞರು ಈ 'ಕ್ವಿಕ್ರ್' ಶಬ್ದವನ್ನು ಸಂಸ್ಕೃತದ 'ಜೀವ' ಶಬ್ದಕ್ಕೆ ಸಹೋದರವೆಂದು ನಿರ್ಣಯಿಸಿರುವರು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಆ ರೈತರು ಗಡಿಗೆಯ ತಳದ ಗಷ್ಟಕ್ಕೆ ಜೀವವೆಂದು ಹೆಸರಿಟ್ಟರು. ನಾವು ಹೆಪ್ಪು ಎನ್ನುತ್ತೇವೆ. ಹಿಂದಿನ ದಿನದ ಮೊಸರಿನ ಒಂದು ಚಮಚವು ಇಂದಿನ ಹಾಲನ್ನು ಹೆಪ್ಪುಗಟ್ಟಿಸುವುದು; ಇಲ್ಲದವರು ನೆರೆಮನೆಯಿಂದ ತರುವರು; ದೀಪ ಹಚ್ಚಿದ ಮೇಲೆ ಕೇಳಿದರೆ ಕೊಡಲು ಹಿಂದೆಗೆಯುವ ಮನೆಗಳು ಬಳ್ಳಾರಿ ಸೀಮೆಯಲ್ಲಿ ಇನ್ನೂ ಉಂಟು. ಹೆಪ್ಪಿನಲ್ಲಿರುವ ಜೀವಿಯು ಹುಳಿಯನ್ನು ತರುವುದು, ಕ್ವೈಕಿನದು ಅಮಲನ್ನು ತರುವುದು. ಎರಡೂ ಒಂದೇ ಅಲ್ಲ. ಆದರೆ ಕಾಯ್ದಿಡುವ ಕ್ರಮವೂ, ಹಾಕುವ ಹದವೂ, ಕೊಡುಕೊಳ್ಳುವ ನಡೆವಳಿಯೂ ಒಂದೇ. ಹಾಗೆಯೇ ರಾಗಿಯನ್ನೋ ಜೋಳವನ್ನೋ ಮೊಳಕೆ ಕಟ್ಟಿ, ನೆರಳಿನಲ್ಲಿ ಒಣಗಿಸಿ, ಹುರಿದು ಬೀಸಿ ಕೂಸಿಗೆ ಗಂಜಿ ಮಾಡಿಕೊಡುವ ತಾಯಂದಿರು ಯವಸುರೆಯ ಪೂರ್ವಾರ್ಧವನ್ನು ಅರಿತಿರುವರು. ನಮ್ಮ ಅಡಿಗೆಮನೆಯಲ್ಲಿ ಈ ವಿದ್ಯೆಯ ಅರ್ಧಭಾಗವು ಕೂಸಿನ ಹಿಟ್ಟಿನ ಡಬ್ಬದಲ್ಲಿಯೂ, ಇನ್ನರ್ಧವು ಮೊಸರಿನ ಗಡಿಗೆಯಲ್ಲಿಯೂ ಉಳಿದಿದೆ, ಎರಡೂ ಒಂದುಗೂಡುವುದಿಲ್ಲ. ಹಿಮಾಲಯದ ಸಿಕ್ಕಿಂ, ಡಾರ್ಜಿಲಿಂಗ್ ಕಡೆ ಒಂದುಗೂಡಿವೆ: ಅಲ್ಲಿ ನಮ್ಮ ಕನಕದಾಸರ ನರೆದಲೆಗವನ್ನೇ ಬೇಯಿಸಿ, ಮರ್ಚಾ ಎಂಬ ಹುದುಗಿನ ಬಿಲ್ಲೆಯನ್ನು ಪುಡಿಮಾಡಿ ಬೆರಸಿ, ಆದ ಪಾನವನ್ನು ಬಿದಿರಿನ ನಳಿಗೆಯಿಂದ ಹೀರುವರು.

ಕಿಣ್ವದ ವಿಷಯದಲ್ಲಿ ಕೌಟಿಲ್ಯನು ಹೇಳುವುದನ್ನೂ ನೋಡಬೇಕು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅರ್ಥಶಾಸ್ತ್ರವನ್ನು ಅಚ್ಚುಹಾಕಿಸಿ ಲೋಕಕ್ಕೆ ಉಪಕಾರ ಮಾಡಿದ ಮೇಲೂ, ಅದರ ಎರಡನೆಯ ಅಧಿಕರಣದ ಸುರಾಧ್ಯಕ್ಷಪ್ರಕರಣವನ್ನು ನಮ್ಮ ಕಾವ್ಯವ್ಯಾಖ್ಯಾನಕಾರರು ಬಳಸಿಕೊಂಡುದು ಕಡಮೆ. ಮೇದಕಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಎಂದು ಅಲ್ಲಿ ಹೇಳಿದೆ. ನಾಲ್ಕು ಪ್ರಸ್ಥಕ್ಕೆ ಒಂದು ಆಢಕವಾದುದರಿಂದ ಅಕ್ಕಿಯು ಎರಡು ಪ್ರಸ್ಥ, ಕಿಣ್ವವು ಮೂರು! ಹೆಪ್ಪು ಹಾಲಿಗಿಂತ ಹೆಚ್ಚಾಯಿತಲ್ಲ ಎಂದು ನಾನು ಮೊದಲು ಪಾಠದೋಷವನ್ನು ಶಂಕಿಸಿದೆನು. ಮುಂದಿನ ವಾಕ್ಯವನ್ನು ನೋಡಿದರೆ ಶಂಕೆಯು ಪರಿಹಾರವಾಗುವುದು. ಉದ್ದಿನ ಹಿಟ್ಟನ್ನು ಹಸಿಯದೋ ಬೇಯಿಸಿದ್ದೋ ಒಂದು ದ್ರೋಣ ತೆಗೆದುಕೊಂಡು, ಅಕ್ಕಿಯನ್ನು ಅದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚಾಗಿ ಬೆರಸಿ, ಮೋರಟವೇ ಮೊದಲಾದ ಮೂಲಿಕೆಗಳನ್ನು ಒಂದೊಂದು ಕರ್ಷದಷ್ಟು ಕೂಡಿಸಿದುದು ಕಿಣ್ವಬಂಧ. ಎಂದರೆ ಕಿಣ್ವವು ಬರಿಯ ಹುದುಗಲ್ಲ. ತಾನೇ ಒಂದು ಧಾನ್ಯದ ಮುದ್ದೆ. ಉದ್ದು, ಅಕ್ಕಿ ಎಂದೊಡನೆ ಕನ್ನಡಿಗನಿಗೆ ನೆನಪಾಗುವುದು ಇಡ್ಡಲಿಗೆ. ವಡ್ಡಾರಾಧನೆಯಷ್ಟು ಹಳೆಯದಾದ ಆ ತಿಂಡಿಯ ಹಿಟ್ಟಿಗೂ ಈ ಕಿಣ್ವಕ್ಕೂ ಜನ್ಯಜನಕಭಾವವನ್ನು ನಾನು ಕಲ್ಪಿಸುತ್ತಿಲ್ಲ. ಸಾಮಗ್ರಿಯ ಸಾಮ್ಯವನ್ನು ತೋರಿಸುತ್ತಿರುವೆನು, ಅಷ್ಟೆ.

ಆ ಪ್ರಕರಣದ ಮತ್ತೆರಡು ವಾಕ್ಯಗಳು ನಮ್ಮ ಚರ್ಚೆಗೆ ಇನ್ನೂ ಹತ್ತಿರದವು. ಸುರೆಗೆ ಬೇಕಾದ ಕಿಣ್ವವನ್ನು ಹೆಂಗಸರೂ ಮಕ್ಕಳೂ ಆಯ್ದು ಕೂಡಿಸಬೇಕೆಂಬುದು ಒಂದು. ಗೃಹಸ್ಥರು ತಮ್ಮ ಮನೆಯ ಕಾರ್ಯಗಳಲ್ಲಿ ಶ್ವೇತಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ ತಾವೇ ಮಾಡಿಕೊಳ್ಳಬಹುದೆಂದೂ, ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನ ಅನುಮತಿಯನ್ನು ಕೊಡಬೇಕೆಂದೂ ಹೇಳಿರುವುದು ಇನ್ನೊಂದು. ಮದ್ಯದ ವ್ಯಾಪಾರವನ್ನೆಲ್ಲ ಅರಸನ ಮುಷ್ಟಿಯಲ್ಲಿಡುವ ಕೌಟಿಲ್ಯನು ಮನೆಯ ಗಡಿಗೆಯನ್ನು ಮಾತ್ರ ಬಿಟ್ಟುಕೊಟ್ಟನು. ನಾರ್ವೆಯ ಪ್ರಾಚೀನವಾದ ಗುಲಾಟಿಂಗ್ ಶಾಸನವು ಇನ್ನೂ ಮುಂದೆ ಹೋಗಿದೆ. ಮೂರು ಮನೆಯ ರೈತರಾದರೂ ಕೂಡಿ ಕ್ರಿಸ್ತಜಯಂತಿಗೆ ಪಾನವನ್ನು ಸಿದ್ಧಪಡಿಸಿ, ಒಳ್ಳೆಯ ಬೆಳೆಗೂ ಶಾಂತಿಗೂ ಕ್ರಿಸ್ತನ ಮತ್ತು ಮೇರಿಯ ಹೆಸರಿನಲ್ಲಿ ಅದನ್ನು ಸಮರ್ಪಿಸಲೇಬೇಕು. ಮೂರು ವರ್ಷ ತಪ್ಪಿಸಿದವನ ಆಸ್ತಿಯು ಅರಸನಿಗೂ ಬಿಷಪ್ಪನಿಗೂ ಸೇರುವುದು. ಇಲ್ಲಿ ಅನುಜ್ಞೆ, ಅಲ್ಲಿ ವಿಧಿ. ಎರಡು ಕಡೆಯೂ ಕರ್ತೃವು ಗೃಹಸ್ಥನೇ, ಅಂಗಡಿಯವನಲ್ಲ.

ಹಾಗಾದರೆ ಸುರೆಯೆಂದೊಡನೆ ನಮಗೆ ಅಂಗಡಿಯೂ ಈಚಲ ಮರವೂ ಕಣ್ಣಿಗೆ ಕಟ್ಟುವುದು ಏಕೆ? ಬಳ್ಳಾರಿಯು 1953ರ ಅಕ್ಟೋಬರ್ 1ರ ವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದಿತು. ಅಲ್ಲಿಯ 1886ರ ಅಬಕಾರಿ ಕಾಯಿದೆಯ ತರುವಾಯ ಪರವಾನಗಿಯಿಲ್ಲದೆ ಯಾರೂ ಏನನ್ನೂ ಮಾಡುವಂತಿರಲಿಲ್ಲ. ಗುತ್ತಿಗೆಗೆ ಸಿಕ್ಕುತ್ತಿದ್ದುದು ಮರದಿಂದ ಇಳಿಸಿದ ಹೆಂಡ, ಬಟ್ಟಿಯಲ್ಲಿ ಇಳಿಸಿದ ಸಾರಾಯಿ ಎರಡೇ. 1948ರ ವೇಳೆಗೆ ಮದರಾಸು ಪ್ರಾಂತದಲ್ಲೆಲ್ಲ ಪಾನನಿರೋಧವು ಜಾರಿಗೆ ಬಂದು ಅವೂ ಕಣ್ಮರೆಯಾದವು. ನಮ್ಮ ಟಿಪ್ಪಣಿಕಾರರು ತಾವು ಕಂಡ ಎರಡು ವಸ್ತುಗಳಿಂದ ತಾವು ಕಾಣದ ಮೂರನೆಯದನ್ನು ವಿವರಿಸಿದರು. ಕಾಣದ್ದನ್ನು ಕಂಡದ್ದರಿಂದ ವಿವರಿಸುವುದು ಸಹಜವೇ. ಆದರೆ ಭಾಷೆಯ ಮೇಲೆ ಅದರಿಂದಾದ ಪರಿಣಾಮವನ್ನು ನೋಡಿ: ಹೆಂಡವನ್ನು 'ಇಳಿಸು'ತ್ತೇವೆ, ಸಾರಾಯಿಯನ್ನು 'ಬಟ್ಟಿ ಇಳಿಸು'ತ್ತೇವೆ, ಧಾನ್ಯದ ಪಾನವನ್ನು ಮಾಡುವ ಕೆಲಸಕ್ಕೆ ನಮ್ಮಲ್ಲಿ ಕ್ರಿಯಾಪದವೇ ಇಲ್ಲ. ಯುರೋಪಿನ ಕಥೆ ನಾಟಕಗಳನ್ನು ಕನ್ನಡಿಸುವವರು ರೈತನ ಹೆಂಡತಿಯು ಮನೆಯಲ್ಲಿ ಹಬ್ಬಕ್ಕೆ ಪಾನವನ್ನು ಸಿದ್ಧಪಡಿಸುವ ಸನ್ನಿವೇಶಕ್ಕೆ ಬಂದಾಗ 'ಸಾರಾಯಿ ಬಟ್ಟಿ ಇಳಿಸುತ್ತಿದ್ದಳು' ಎಂದು ಬರೆದು, ಆ ಸಾಧ್ವಿಯನ್ನು ಕಳ್ಳಬಟ್ಟಿಯವಳನ್ನಾಗಿ ಮಾಡುವುದುಂಟು.

ಕ್ರಿಯಾಪದವು ದ್ರಾವಿಡಭಾಷೆಗಳಲ್ಲಿ ಮೊದಲಿಂದಲೂ ಇರಲಿಲ್ಲವೆ? ಇದ್ದಿತೆಂಬುದಕ್ಕೆ ತಮಿಳಿನ ಸಂಘಸಾಹಿತ್ಯವೇ ಸಾಕ್ಷಿ. ಪೆರುಂಬಾಣಾಟ್ರುಪ್ಪಡೈ ಎಂಬ ಕಾವ್ಯದಲ್ಲಿ 'ತೋಪ್ಪಿ' ಎಂಬ ಪಾನವು ಬರುವುದು. ಅದಕ್ಕೆ ಕವಿಯು ಕೊಟ್ಟಿರುವ ವಿಶೇಷಣದ ಅರ್ಥವು 'ಮನೆಯಲ್ಲಿ ಅಟ್ಟ ಕಳ್' ಎಂದು. ಅಲ್ಲಿಯ ಧಾತುವು ನಮ್ಮ 'ಅಡು' ಧಾತುವೇ. ಅದೇ ಕಾವ್ಯದ ಇನ್ನೊಂದೆಡೆಯಲ್ಲಿ, ಅಕ್ಕಿಯ ಗಂಜಿಯನ್ನು ಅಗಲವಾದ ತಟ್ಟೆಯಲ್ಲಿ ಆರಿಸಿ, ಮೊಳಕೆಯ ಹಿಟ್ಟನ್ನು ಬೆರಸಿ, ಎರಡು ಹಗಲು ಎರಡು ಇರುಳು ಗಟ್ಟಿಬಾಯಿಯ ಚಾಡಿಯಲ್ಲಿಟ್ಟು ಹಿಂಡುವ ಕ್ರಮವು ವರ್ಣಿತವಾಗಿದೆ. ಸೌತ್ರಾಮಣಿಯ ಮೂರು ರಾತ್ರಿಗೂ ಇದಕ್ಕೂ ಒಂದೇ ರಾತ್ರಿಯ ಅಂತರ! ಇದರಿಂದ ಎರಡು ಸಂಗತಿಗಳು ಸಿದ್ಧಿಸುತ್ತವೆ. ಕಳ್ ಎಂಬುದು ಮೂಲದಲ್ಲಿ ಮರದ ರಸಕ್ಕೆ ಮಾತ್ರ ಸೀಮಿತವಾಗಿರದೆ ಅಮಲಿನ ಪಾನಗಳಿಗೆಲ್ಲ ಸಾಮಾನ್ಯವಾದ ದೇಶೀ ಹೆಸರಾಗಿದ್ದಿತು; ಧಾನ್ಯದ ಕಳ್ಳನ್ನು ಅಡುತ್ತಿದ್ದರು. ಆದಕಾರಣ 'ಸುರೆ'ಗೆ 'ಕಳ್' ಎಂಬ ಅರ್ಥವು ಅಷ್ಟೊಂದು ದೋಷದ್ದಲ್ಲ. 'ಹೆಂಡ' ಎಂಬ ಅರ್ಥವೇ ದೋಷದ್ದು. ಈ ಲೇಖನದ ಆರಂಭದಲ್ಲಿ ಮೂರು ಶಬ್ದಗಳನ್ನೂ ಒಂದೇ ಕಟ್ಟಿಗೆ ಸೇರಿಸಿ ದೂರಿದ್ದನ್ನು ಇಷ್ಟರ ಮಟ್ಟಿಗೆ ತಿದ್ದಿಕೊಳ್ಳುತ್ತೇನೆ.

ಇನ್ನು ಕಾವ್ಯಗಳು. ಪಂಪನು 941ರಲ್ಲಿ ಮುಗಿಸಿದ ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿ, ಸುಭದ್ರೆಗೆ ಮನಸೋತ ಅರ್ಜುನನು ಇರುಳಿನಲ್ಲಿ ಸೂಳೆಗೇರಿಯಲ್ಲಿ ನಡೆದು ಬರುವಾಗ ಕಾಣುವ ಪಾನಗೋಷ್ಠಿಯ ವರ್ಣನೆಯು ಪ್ರಸಿದ್ಧವಾದುದು. ಹಕ್ಕಿಗಳ ಆಕಾರದ ಸಿಪ್ಪುಗಳು, ಕುಡಿಯುವುದಕ್ಕೆ ಮುನ್ನ ಮಧುದೇವತೆಯ ಅರ್ಚನೆ, ಅಮಲೇರಿದ ಮೇಲಣ ತೊದಲು ಇವೆಲ್ಲ ಅಲ್ಲಿವೆ. ಆ ಪಾನವು ಹೇಗಾಯಿತೆಂಬ ಮಾತು ಮಾತ್ರ ಇಲ್ಲ. ಪಂಪನಿಗೆ ಅದು ಬೇಕಾಗಿಯೂ ಇರಲಿಲ್ಲ. ವಿರಹಿಯಾದ ನಾಯಕನಿಗೆ ಗಡಿಗೆಯನ್ನು ತೋರಿಸುವ ಕವಿಯು ರಸಭಂಗವನ್ನು ಮಾಡಿದಂತೆಯೇ. ಎರಡು ಶತಮಾನಗಳಾದ ಮೇಲೆ ಕಲ್ಯಾಣದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದ ವಿನೋದಗಳ ನಡುವೆ ಮದಿರಾಪಾನಕ್ರೀಡೆಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿರುವನು. ಅಲ್ಲಿಯೂ ದೃಷ್ಟಿಯು ಬಟ್ಟಲಿನ ಮೇಲೆ. ಜೇಮ್ಸ್ ಮೆಕ್‌ಹ್ಯೂ ಎಂಬ ವಿದ್ವಾಂಸರು 2021ರಲ್ಲಿ ಪ್ರಕಟಿಸಿದ ಭಾರತೀಯ ಪಾನಗಳ ಇತಿಹಾಸದಲ್ಲಿ, ಸುರೆಯು ಧಾನ್ಯದಿಂದಾದುದೆಂಬುದನ್ನು ಸಂಸ್ಕೃತಗ್ರಂಥಗಳಿಂದ ವಿಸ್ತಾರವಾಗಿ ತೋರಿಸಿರುವರು. ಸಂಸ್ಕೃತಭಾಗದಲ್ಲಿ ಅವರ ಪರಿಶ್ರಮವು ಶ್ಲಾಘ್ಯ. ಕನ್ನಡದ ಸಾಕ್ಷ್ಯವನ್ನು ಅದರೊಡನೆ ಕೂಡಿಸುವ ಕೆಲಸವು ನಮ್ಮದು, ಅದನ್ನು ನಾವು ಮಾಡಿಲ್ಲ.

ಕನ್ನಡದ ಸಾಕ್ಷ್ಯದಲ್ಲಿ ಅತ್ಯಂತ ಬೆಲೆಯುಳ್ಳದ್ದು, ನನ್ನ ಅಭಿಪ್ರಾಯದಲ್ಲಿ, ಹೆಂಡದ ಮಾರಯ್ಯನದು. ಹನ್ನೆರಡನೆಯ ಶತಮಾನದ ಈ ಶರಣನು ಹೆಂಡವನ್ನು ಮಾರುವ ಕಾಯಕದವನು. ಅವನ ಅಂಕಿತ ಧರ್ಮೇಶ್ವರಲಿಂಗ. ದೊರೆತಿರುವ ವಚನಗಳು ಹನ್ನೆರಡರಷ್ಟು. ತನ್ನ ಕಸುಬಿನ ಮಾತುಗಳಿಂದಲೇ ಅವನು ತತ್ತ್ವವನ್ನು ಹೇಳುವನು. ಇವನನ್ನು ಕುರಿತು ಪಾಠ ಹೇಳುವಾಗ ನಾವು ಸಾಮಾನ್ಯವಾಗಿ, ಮಹಾಪಾತಕವೆನಿಸಿದ ಸುರೆಯನ್ನು ಮಾರುವವನೂ ಶರಣನಾದನೆಂದು ಕೊಂಡಾಡುತ್ತೇವೆ. ಈ ಕೊಂಡಾಟದ ಬೇರಿನಲ್ಲಿ ತಪ್ಪಿದೆ. ಅದೇ ಕಲ್ಯಾಣದಲ್ಲಿ, ಅವನಿಗೆ ಒಂದೆರಡು ತಲೆಮಾರು ಮುಂಚೆ ಬರೆದ ವಿಜ್ಞಾನೇಶ್ವರನ ಲೆಕ್ಕದಲ್ಲಿ, ಮರದ ಹೆಂಡವು ಹನ್ನೊಂದು ಮದ್ಯಗಳಲ್ಲಿ ಒಂದು, ಸುರೆಯಲ್ಲ. ಮಾರಯ್ಯನು ಮಹಾಪಾತಕದ ದ್ರವ್ಯವನ್ನು ಮಾರುತ್ತಿರಲಿಲ್ಲ. ಅವನ ಕಸುಬಿಗಿದ್ದುದು ಪಾತಕದ ಕಳಂಕವಲ್ಲ, ಕೀಳೆಂಬ ಕಳಂಕ. ಇವೆರಡೂ ಬೇರೆ. ಪಾತಕಕ್ಕೆ ಪ್ರಾಯಶ್ಚಿತ್ತವುಂಟು, ಕೀಳುತನಕ್ಕೆ ಪ್ರಾಯಶ್ಚಿತ್ತವನ್ನು ಯಾವ ಸ್ಮೃತಿಯೂ ಹೇಳಿಲ್ಲ. ಮಾರಯ್ಯನು ಪ್ರಾಯಶ್ಚಿತ್ತವನ್ನು ಕೇಳದೆ, ಕಸುಬನ್ನು ಬಿಡದೆ, ಅದನ್ನೇ ಕಾಯಕವೆಂದು ಎತ್ತಿ ನಿಲ್ಲಿಸಿದುದರ ಬಲವು ಈ ಭೇದವನ್ನು ಅರಿತರೆ ಮಾತ್ರ ಗೋಚರವಾಗುವುದು. 'ಸುರೆ, ಹೆಂಡ, ಎಲ್ಲ ಒಂದೇ' ಎಂಬ ಟಿಪ್ಪಣಿಯು ಅವನನ್ನು ಪಶ್ಚಾತ್ತಾಪಪಟ್ಟ ಪಾತಕಿಯನ್ನಾಗಿ ಮಾಡಿ, ಅವನ ವಚನಗಳ ಬೆನ್ನೆಲುಬನ್ನು ಮುರಿಯುವುದು.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಶಾಸ್ತ್ರಕಾರರ ವಿಭಾಗವನ್ನು ಲೋಕವು ಪಾಲಿಸುತ್ತಿದ್ದಿತೆ? ಹನ್ನೆರಡನೆಯ ಶತಮಾನದ ಕಲ್ಯಾಣದ ಬೀದಿಯಲ್ಲಿ 'ಹೆಂಡ' ಎಂದರೆ ಮರದ್ದೇ ಎಂಬುದಕ್ಕೆ ಪ್ರಮಾಣವೇನು? ಆಕ್ಷೇಪಣೆಯು ಹಗುರವಾದುದಲ್ಲ. ಹೆಂಡ ಎಂಬುದು ಇಂದು ವಿಶೇಷವಾಗಿ ಈಚಲ ರಸಕ್ಕೆ ಸಲ್ಲುವಂತೆ ಅಂದೂ ಸಲ್ಲುತ್ತಿದ್ದಿತೆಂದು ನಾನು ಶಪಥ ಮಾಡಲಾರೆ. ಆದರೆ ಪುಲಸ್ತ್ಯನ ಪಟ್ಟಿಯನ್ನು ವಿಜ್ಞಾನೇಶ್ವರನು ಎತ್ತಿಕೊಂಡುದು ಸುಮ್ಮನೆ ಅಲ್ಲ. ಭೇದವು ಲೋಕದಲ್ಲಿ ಇಲ್ಲದಿದ್ದರೆ ನಿರ್ಣಯವನ್ನು ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಮೇಲಾಗಿ, ವಚನಕಾರನು ತನ್ನ ಸರಕನ್ನು 'ಸುರೆ' ಎಂಬ ಶಾಸ್ತ್ರದ ಹೆಸರಿನಿಂದ ಕರೆದುಕೊಳ್ಳಲಿಲ್ಲ. ಅವನ ಹೆಸರಿಗೆ ಜನರು ಸೇರಿಸಿದುದೂ 'ಹೆಂಡ'ವೇ. ಅವನು ಆರಿಸದ ಶಬ್ದವನ್ನು ಅವನ ಬಾಯಿಗೆ ತುರುಕುವವರ ಮೇಲೆಯೇ ಪ್ರಮಾಣದ ಭಾರವಿರಬೇಕು.

ಈ ಬರಹವು ಮದ್ಯಪಾನದ ಪರವಾದ ವಾದವೆಂದು ಯಾರೂ ಎಣಿಸಲಾರರೆಂದು ನಂಬಿದ್ದೇನೆ. ಪರವಾನಗಿಯಿಲ್ಲದೆ ಇಂಥವನ್ನು ಮಾಡುವುದು ಕರ್ನಾಟಕದ 1965ರ ಅಬಕಾರಿ ಕಾಯಿದೆಯಂತೆ ಅಪರಾಧವೂ ಹೌದು. ನನಗೆ ಬೇಕಾದುದು ಶಬ್ದಕೋಶದಲ್ಲಿ ನಾಲ್ಕು ಪಂಕ್ತಿಗಳ ತಿದ್ದುಪಡಿ ಮಾತ್ರ. ಸುರೆ: ಮೊಳಕೆ ಬರಿಸಿದ ಅಥವಾ ಬೇಯಿಸಿದ ಧಾನ್ಯವನ್ನು ಕಿಣ್ವದಿಂದ ಹುದುಗಿಸಿ ಸೋಸಿದ ಪಾನ. ಹೆಂಡ: ಈಚಲು ಮುಂತಾದ ಮರಗಳಿಂದ ಇಳಿಸಿದ, ಹುಳಿತ ರಸ. ಕಳ್: ಇವೆಲ್ಲಕ್ಕೂ ಸಾಮಾನ್ಯವಾದ ಹಳೆಯ ಹೆಸರು, ಪ್ರಕರಣದಿಂದ ವಿಶೇಷಾರ್ಥವನ್ನು ತಿಳಿಯತಕ್ಕದ್ದು. ಸಾರಾಯಿ: ಬಟ್ಟಿಯಲ್ಲಿ ಇಳಿಸಿದ್ದು. ಕ್ರಿಯಾಪದಕ್ಕೆ 'ಅಡು' ಎಂಬುದನ್ನೇ ಮತ್ತೆ ಬಳಕೆಗೆ ತರಬಹುದೋ ಎಂಬುದನ್ನು ಭಾಷಾಂತರಕಾರರು ಯೋಚಿಸಲಿ. ಹಳಗನ್ನಡದ್ದಾದರೂ 'ಅಡಿಗೆ'ಯಲ್ಲಿ ಇನ್ನೂ ಉಸಿರಾಡುತ್ತಿರುವ ಧಾತು ಅದು.

ರೂಪನಗುಡಿಯ ಶಿಷ್ಯನಿಗೆ ಇಷ್ಟನ್ನು ಹೇಳಿದಾಗ ಅವನು ಪುಸ್ತಕದಲ್ಲಿ 'ಸುರೆ'ಯ ಮುಂದಿದ್ದ 'ಹೆಂಡ'ವನ್ನು ಹೊಡೆದುಹಾಕಿ, "ಹಾಗಾದರೆ ಕಾರೋತ್ತರವೆಂದರೆ ಅಂಬಲಿಯ ಮೇಲೆ ನಿಲ್ಲುವ ತಿಳಿಯಂತಹದೇ, ಗುರುಗಳೆ?" ಎಂದು ಕೇಳಿದನು. ವ್ಯಾಖ್ಯಾನಕಾರರು ಅದಕ್ಕೆ ಸುರಾಮಂಡವೆಂದು ಅರ್ಥವನ್ನು ಹೇಳಿರುವರು. ಮಂಡವೆಂದರೆ ಗಂಜಿಯ ಮೇಲುತಿಳಿಯೇ ಆಗಿರುವುದರಿಂದ, ಹೌದೆಂದೆನು.